ಅರವತ್ತು ದಾಟಿದವರ ಅನುಭವವನ್ನು ಲೆಕ್ಕಕ್ಕೆ ಹಿಡಿಯುವುದು ಹೇಗೆ?

ಪ್ರಶ್ನೆ: ಪೀಣ್ಯ ಎರಡನೇ ಹಂತ

ಎಲ್ಲರಿಗೂ ನಮಸ್ಕಾರ. ಪೀಣ್ಯದಲ್ಲಿ 22 ಜನ ದುಡಿಯುವ ಒಂದು ಸಣ್ಣ ಟೂಲ್‌ರೂಮ್ ನಡೆಸುತ್ತಿದ್ದೇನೆ. ತಗಡಿನ ಬಿಡಿಭಾಗಗಳನ್ನು ಕತ್ತರಿಸುವ ಪ್ರೆಸ್ ಟೂಲ್‌ಗಳನ್ನು (ಮೇಲಿನಿಂದ ಒತ್ತುವ ಪಂಚ್, ಕೆಳಗೆ ಅದಕ್ಕೆ ಹೊಂದುವ ತೂತಿರುವ ಡೈ) ಮಾಡಿಕೊಡುವುದು, ಸವೆದ ಡೈಗಳನ್ನು ಸರಿಪಡಿಸುವುದು ನಮ್ಮ ಕೆಲಸ. ನಮ್ಮ ಫೋರ್‌ಮನ್‌ಗೆ ಈಗ 64 ವರ್ಷ. ನಗರದ ಒಂದು ಸಾರ್ವಜನಿಕ ಉದ್ದಿಮೆಯಲ್ಲಿ ಫಿಟ್ಟರ್ ಆಗಿ ಸೇರಿ, ಮೇಲ್ವಿಚಾರಕರಾಗಿ, 50ನೇ ವಯಸ್ಸಿನಲ್ಲಿ ಸ್ವಯಂ ನಿವೃತ್ತಿ ಪಡೆದು ನಮ್ಮಲ್ಲಿಗೆ ಬಂದವರು. ಮಂಡಿ ನೋವು ಹೆಚ್ಚಾಗಿದೆ, ಸಣ್ಣ ಗೀಟುಗಳು ಮೊದಲಿನಂತೆ ಕಾಣುವುದಿಲ್ಲ, ಆದ್ದರಿಂದ ಯುಗಾದಿಯ ಹೊತ್ತಿಗೆ ಬಿಡುತ್ತೇನೆ ಎಂದು ಅವರೇ ಹೇಳಿದ್ದಾರೆ. ನಾನು ಕೇಳಿಕೊಂಡರೆ ಉಳಿದಾರು ಎಂಬುದೂ ಅವರ ಮಾತಿನ ಧಾಟಿಯಲ್ಲಿ ಕಂಡಿತು.

ಎರಡು ವರ್ಷದಿಂದ ನನ್ನ ಜೊತೆಗಿರುವ ಮಗ ಎಂಜಿನಿಯರಿಂಗ್ ಓದಿದವನು. ಫೋರ್‌ಮನ್‌ಗೆ ಕೊಡುವ 45,000 ರೂಪಾಯಿಯಲ್ಲಿ ಐಟಿಐ ಮುಗಿಸಿದ ಇಬ್ಬರು ಹುಡುಗರನ್ನು ಇಟ್ಟುಕೊಳ್ಳಬಹುದು, ವಿದ್ಯುತ್ ಹರಿಸಿದ ತಂತಿಯಿಂದ ಉಕ್ಕನ್ನು ಕತ್ತರಿಸುವ ವೈರ್ ಕಟ್ ಯಂತ್ರ ಬಂದ ಮೇಲೆ ಕೈಗೆಲಸ ಅರ್ಧಕ್ಕರ್ಧ ಇಳಿದಿದೆ, ಗೌರವ ಬೇರೆ ವ್ಯವಹಾರ ಬೇರೆ ಎಂಬುದು ಅವನ ವಾದ. ಅವನ ಲೆಕ್ಕದಲ್ಲಿ ನನಗೆ ತಪ್ಪು ಕಾಣಲಿಲ್ಲ. ಆದರೂ ಅದು ಪೂರ್ತಿ ಲೆಕ್ಕವಲ್ಲ ಎಂದು ಒಳಗೆ ಅನ್ನಿಸುತ್ತಿದೆ, ಅದನ್ನು ಅವನಿಗೆ ಅಂಕಿಗಳಲ್ಲಿ ತೋರಿಸಲು ನನ್ನಿಂದ ಆಗುತ್ತಿಲ್ಲ.

ಒಂದು ಸಂದರ್ಭ ಹೇಳುತ್ತೇನೆ. ಕಳೆದ ಆಷಾಢದಲ್ಲಿ ಒಬ್ಬ ಗಿರಾಕಿ, ತಗಡಿನಿಂದ ಕತ್ತರಿಸಿದ ಬಿಲ್ಲೆಯ ಒಂದೇ ಮಗ್ಗುಲಲ್ಲಿ ಬರ್ (ಅಂಚಿನ ಚೂಪು ಸಿಬಿರು) ಏಳುತ್ತಿದೆ, ಟೂಲ್ ದೋಷದಿಂದ ಕೂಡಿದೆ ಎಂದು ವಾಪಸ್ ಕಳಿಸಿದರು. ಹುಡುಗರು ಎರಡು ದಿನ ಬಿಚ್ಚಿ ಅಳೆದರು. ಪಂಚ್ ಮತ್ತು ಡೈ ನಡುವಿನ ಸಂದು, ಅಂದರೆ ಕ್ಲಿಯರೆನ್ಸ್, ಸುತ್ತಲೂ ಸರಿಯಾಗಿಯೇ ಇತ್ತು. ಡೈ ಪ್ಲೇಟನ್ನೇ ಹೊಸದಾಗಿ ಮಾಡುವುದೆಂದು ನಾವು ತೀರ್ಮಾನಿಸಿದ್ದಾಗ, ಫೋರ್‌ಮನ್ ಗಿರಾಕಿ ಕಳಿಸಿದ್ದ ಚೂರುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು, ಕತ್ತರಿಸಿದ ಅಂಚಿನ ಹೊಳಪಿನ ಪಟ್ಟಿ ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು ಇರುವುದನ್ನು ನೋಡಿ, ಟೂಲನ್ನು ನಮ್ಮ ಪ್ರೆಸ್ಸಿಗೇ ಕಟ್ಟಿಸಿ ಓಡಿಸಿದರು. ಬಿಲ್ಲೆ ಅಚ್ಚುಕಟ್ಟಾಗಿ ಬಂತು. ಸವೆದಿದ್ದುದು ಗಿರಾಕಿಯ ಪ್ರೆಸ್ಸಿನಲ್ಲಿ ಮೇಲೆ ಕೆಳಗೆ ಓಡುವ ಸ್ಲೈಡನ್ನು ನೇರವಾಗಿ ಹಿಡಿಯುವ ಗೈಡು. ಮೂರು ವಾರದ ಕೆಲಸ, ಉಕ್ಕಿನ ಖರ್ಚು, ಅದನ್ನು ಕಾಯಿಸಿ ಗಡಸುಮಾಡುವ ಹೀಟ್ ಟ್ರೀಟ್‌ಮೆಂಟ್, ಎಲ್ಲಕ್ಕಿಂತ ಹೆಚ್ಚಾಗಿ ಗಿರಾಕಿ ಉಳಿದರು. ಆ ದಿನ ನಮ್ಮ ಲೆಡ್ಜರಿನಲ್ಲಿ ಒಂದು ಸಾಲೂ ಬರೆಯಲಾಗಲಿಲ್ಲ, ಏಕೆಂದರೆ ಆಗದೆ ಹೋದ ನಷ್ಟಕ್ಕೆ ಬಿಲ್ಲು ಇಲ್ಲ.

ಇಂಥ ಅನುಭವಕ್ಕೆ ಬೆಲೆ ಕಟ್ಟುವ ಕ್ರಮ ಏನಾದರೂ ಇದೆಯೇ? ನಮಗಿಂತ ಮೊದಲೇ ವಯಸ್ಸಾದ ದೇಶಗಳು ಏನು ಮಾಡಿವೆ? ಇದು ನನ್ನ ಮಮಕಾರ ಮಾತ್ರವೇ ಆಗಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ.

ಉತ್ತರ 1: ನಿವೃತ್ತ ಅಧ್ಯಾಪಕ, ಮಲ್ಲೇಶ್ವರ

ಅರ್ಥಶಾಸ್ತ್ರವನ್ನು ಮೂವತ್ತು ವರ್ಷ ಪಾಠ ಮಾಡಿದವನಾಗಿ ನಿಮ್ಮ ಪ್ರಶ್ನೆಯನ್ನು ಸ್ವಲ್ಪ ಬಿಡಿಸಿ ನೋಡಲು ಬಯಸುತ್ತೇನೆ.

ವಯಸ್ಸಾದವರು ದುಬಾರಿ ಎಂಬ ಭಾವನೆಗೆ ಒಂದು ಮೂಲವಿದೆ. ಅಮೆರಿಕದ ಅರ್ಥಶಾಸ್ತ್ರಜ್ಞ ಎಡ್ವರ್ಡ್ ಲೇಜಿಯರ್ 1979ರಲ್ಲಿ ಕಡ್ಡಾಯ ನಿವೃತ್ತಿ ಏಕೆ ಇದೆ ಎಂಬ ಪ್ರಶ್ನೆಯನ್ನೇ ಎತ್ತಿಕೊಂಡು ಉತ್ತರ ಕೊಟ್ಟರು. ಒಂದೇ ಸಂಸ್ಥೆಯಲ್ಲಿ ಬದುಕಿಡೀ ದುಡಿಯುವ ವ್ಯವಸ್ಥೆಯಲ್ಲಿ ನೌಕರನಿಗೆ ಪ್ರಾಯದಲ್ಲಿ ಅವನ ದುಡಿಮೆಗಿಂತ ಕಡಿಮೆ ಸಂಬಳವನ್ನೂ ಇಳಿವಯಸ್ಸಿನಲ್ಲಿ ಅವನ ದುಡಿಮೆಗಿಂತ ಹೆಚ್ಚು ಸಂಬಳವನ್ನೂ ಕೊಡಲಾಗುತ್ತದೆ. ಮೊದಲು ಹಿಡಿದಿಟ್ಟದ್ದನ್ನು ಕೊನೆಯಲ್ಲಿ ಹಿಂತಿರುಗಿಸುವ ಈ ಒಪ್ಪಂದ ಎಲ್ಲಾದರೂ ಒಂದು ಕಡೆ ಮುಗಿಯಲೇಬೇಕಾದುದರಿಂದ ನಿವೃತ್ತಿಯ ವಯಸ್ಸು ಗೊತ್ತುಮಾಡಬೇಕಾಗುತ್ತದೆ. ಬಡ್ತಿ, ವೇತನಶ್ರೇಣಿ ಇರುವ ಸರ್ಕಾರಿ ನೌಕರಿಗೆ ಇದು ಚೆನ್ನಾಗಿ ಹೊಂದುತ್ತದೆ. ನಿಮ್ಮ ಫೋರ್‌ಮನ್ ಹಾಗಲ್ಲ. 50ರಲ್ಲಿ ಅವರನ್ನು ನೀವು ಪೇಟೆಯ ದರಕ್ಕೆ ತೆಗೆದುಕೊಂಡಿರಿ, ಅವರಿಗೆ ನೀವು ತೀರಿಸಬೇಕಾದ ಹಳೆಯ ಬಾಕಿ ಯಾವುದೂ ಇಲ್ಲ. ಆದ್ದರಿಂದ ಅವರ ಸಂಬಳವನ್ನು ಇಂದಿನ ಕೆಲಸದೊಂದಿಗೆ ನೇರವಾಗಿ ಹೋಲಿಸುವ ನಿಮ್ಮ ಮಗನ ಕ್ರಮ ಸರಿಯಾದದ್ದೇ. ಆದರೆ ಹೋಲಿಕೆಯಲ್ಲಿ ಏನನ್ನು ಎಣಿಸುತ್ತೇವೆ ಎಂಬುದು ಮುಖ್ಯ.

ಇದಕ್ಕೆ ಜರ್ಮನಿಯಿಂದ ಒಂದು ಒಳ್ಳೆಯ ಅಧ್ಯಯನವಿದೆ. ಆಕ್ಸೆಲ್ ಬೋರ್ಶ್-ಸುಪಾನ್ ಮತ್ತು ಮಥಿಯಾಸ್ ವೈಸ್ ಅವರು ಲಾರಿ ಜೋಡಿಸುವ ಕಾರ್ಖಾನೆಯೊಂದರಲ್ಲಿ, ತಂಡಗಳು ದಿನದಿನವೂ ಮಾಡಿದ ತಪ್ಪುಗಳ ದಾಖಲೆಯನ್ನು ವರ್ಷಗಟ್ಟಲೆ ಪರಿಶೀಲಿಸಿದರು. ವಯಸ್ಸಾದವರು ಸಣ್ಣ ತಪ್ಪುಗಳನ್ನು ಕಿರಿಯರಿಗಿಂತ ಒಂದಿಷ್ಟು ಹೆಚ್ಚಾಗಿಯೇ ಮಾಡುತ್ತಿದ್ದರು. ಭಾರಿ ನಷ್ಟ ತರುವ ದೊಡ್ಡ ತಪ್ಪುಗಳನ್ನು ಮಾತ್ರ ಅವರು ಅಪರೂಪಕ್ಕೆ ಮಾಡುತ್ತಿದ್ದರು. ಎರಡನ್ನೂ ತೂಗಿದಾಗ 60ರವರೆಗೆ ಉತ್ಪಾದಕತೆ ಇಳಿದದ್ದು ಕಾಣಲಿಲ್ಲ. ಸಣ್ಣ ತಪ್ಪು ಎಲ್ಲರ ಕಣ್ಣಿಗೂ ಬೀಳುತ್ತದೆ, ರಿಜೆಕ್ಷನ್ ಪಟ್ಟಿಯಲ್ಲಿ ಸೇರುತ್ತದೆ. ದೊಡ್ಡ ತಪ್ಪು ಆಗದೆ ತಪ್ಪಿದ್ದು ಯಾರ ಪಟ್ಟಿಗೂ ಸೇರುವುದಿಲ್ಲ. ನಿಮ್ಮ ಆಷಾಢದ ಘಟನೆಯನ್ನು ಓದಿದಾಗ ನನಗೆ ಇದೇ ನೆನಪಾಯಿತು.

ಮನಃಶಾಸ್ತ್ರಜ್ಞ ರೇಮಂಡ್ ಕ್ಯಾಟೆಲ್ ಮಾಡಿದ ವಿಭಾಗವೂ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಹೊಸ ಸಮಸ್ಯೆಯನ್ನು ಥಟ್ಟನೆ ಬಿಡಿಸುವ ಹರಿಯುವ ಬುದ್ಧಿ ಪ್ರಾಯದಲ್ಲೇ ಮೇಲೇರಿ ನಂತರ ಇಳಿಯುತ್ತದೆ. ಬಳಕೆಯಿಂದ ಕೂಡಿಬಂದ ಹರಳುಗಟ್ಟಿದ ಬುದ್ಧಿ ಬಹಳ ಕಾಲ ಉಳಿಯುತ್ತದೆ. ಹಾಗೆಂದು ಎಲ್ಲ ಅನುಭವವೂ ಸಮವಲ್ಲ. ಯಂತ್ರ ಬದಲಾದಾಗ ಅನುಭವದ ಒಂದು ಪಾಲು ನಿಜವಾಗಿಯೂ ಮುಗಿದುಹೋಗುತ್ತದೆ, ಅದನ್ನು ಒಪ್ಪಿಕೊಳ್ಳಬೇಕು. ವೈರ್ ಕಟ್ ಬಂದ ಮೇಲೆ ಅರ ಹಿಡಿಯುವ ಕೈಚಳಕಕ್ಕೆ ಬೆಲೆ ತಗ್ಗಿದೆ. ಚೂರಿನ ಅಂಚನ್ನು ಓದುವ ಕಣ್ಣಿಗೆ ತಗ್ಗಿಲ್ಲ. ಯಂತ್ರ ಕತ್ತರಿಸಿಕೊಡುತ್ತದೆ, ಏಕೆ ಕೆಟ್ಟಿತು ಎಂದು ಹೇಳುವುದಿಲ್ಲ.

ಹಿರಿಯರು ಉಳಿದರೆ ಕಿರಿಯರಿಗೆ ಕೆಲಸ ತಪ್ಪುತ್ತದೆ ಎಂಬ ಮಾತು ಈ ಚರ್ಚೆಯಲ್ಲಿ ಬಂದೇ ಬರುತ್ತದೆ, ಮೊದಲೇ ಹೇಳಿಬಿಡುತ್ತೇನೆ. ಜೊನಾಥನ್ ಗ್ರೂಬರ್ ಮತ್ತು ಡೇವಿಡ್ ವೈಸ್ ಸಂಪಾದಿಸಿ 2010ರಲ್ಲಿ ಪ್ರಕಟವಾದ, 12 ದೇಶಗಳ ಅಂಕಿಅಂಶಗಳನ್ನು ಒಟ್ಟುಮಾಡಿದ ಅಧ್ಯಯನ ಈ ಆತಂಕಕ್ಕೆ ಆಧಾರವಿಲ್ಲವೆಂದು ಕಂಡುಕೊಂಡಿತು. ಒಂದು ದೇಶದಲ್ಲಿರುವ ಕೆಲಸ ಹಬ್ಬದ ಹೋಳಿಗೆಯಂತೆ ಎಣಿಸಿಟ್ಟದ್ದಲ್ಲ. ನಿಮ್ಮ ಟೂಲ್‌ರೂಮಿನಲ್ಲೇ ನೋಡಿ, ಗಿರಾಕಿ ಉಳಿದದ್ದರಿಂದ ಆ ಹುಡುಗರ ಕೆಲಸವೂ ಉಳಿಯಿತು.

ಇದು ನಿಮ್ಮೊಬ್ಬರ ಪ್ರಶ್ನೆಯೂ ಅಲ್ಲ. 2011ರ ಜನಗಣತಿಯಲ್ಲಿ 60 ದಾಟಿದವರು ದೇಶದ ಜನಸಂಖ್ಯೆಯ ಶೇ. 8.6ರಷ್ಟಿದ್ದರು, 2050ರ ಹೊತ್ತಿಗೆ ಶೇ. 20.8 ಆಗುತ್ತಾರೆಂಬುದು ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿಯ 2023ರ ಭಾರತ ವರದಿಯ ಅಂದಾಜು. ಕರ್ನಾಟಕದಲ್ಲಿ ಒಬ್ಬ ಹೆಣ್ಣುಮಗಳಿಗೆ ಸರಾಸರಿ 1.7 ಮಕ್ಕಳು ಎಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಜನಸಂಖ್ಯೆ ಇದ್ದಷ್ಟೇ ಇರಲು 2.1 ಬೇಕು. ಇಂದು ನಿಮ್ಮ ಗೇಟಿನ ಮುಂದೆ ನಿಲ್ಲುವಷ್ಟು ಹುಡುಗರು ಇನ್ನು ಇಪ್ಪತ್ತು ವರ್ಷಕ್ಕೆ ಈ ರಾಜ್ಯದಲ್ಲಿ ಹುಟ್ಟಿರುವುದಿಲ್ಲ.

ಅಳೆಯುವ ಕ್ರಮ ಸರಳವಾಗಿರಲಿ. ಮತ್ತೆ ಮಾಡಬೇಕಾಗಿ ಬಂದ ಕೆಲಸಗಳನ್ನು ಬರೆದಿಡುವ ರೀವರ್ಕ್ ರಿಜಿಸ್ಟರ್ ಮುಂದಿಟ್ಟುಕೊಂಡು, ಕಳೆದ ಒಂದು ವರ್ಷದಲ್ಲಿ ಅವರ ಮಾತಿನಿಂದ ತೀರ್ಮಾನ ಬದಲಾದ ಸಂದರ್ಭಗಳನ್ನು ಗುರುತಿಸಿ, ಅವರಿಲ್ಲದಿದ್ದರೆ ಏನಾಗುತ್ತಿತ್ತು ಎಂದು ಪ್ರತಿಯೊಂದಕ್ಕೂ ಬರೆಯಿರಿ. ಬೇರೆಯವರೂ ಕೊನೆಗೆ ಅದನ್ನು ಕಂಡುಹಿಡಿಯುತ್ತಿದ್ದರೇ, ಎಷ್ಟು ದಿನಕ್ಕೆ, ಎಂಬುದನ್ನೂ ಸೇರಿಸಿ. ಈ ಲೆಕ್ಕವನ್ನು ನೀವು ಮಾಡಬೇಡಿ, ಮಗನಿಂದ ಮಾಡಿಸಿ.

ಉತ್ತರ 2: ಜಯನಗರ ನಾಲ್ಕನೇ ಬ್ಲಾಕ್

ನಾನು ಜಪಾನಿನ ನಗೋಯಾ ಸುತ್ತಮುತ್ತ ವಾಹನಗಳ ಬಿಡಿಭಾಗ ತಯಾರಿಕೆಯಲ್ಲಿ ಆರು ವರ್ಷ ಇದ್ದವನು. ಅಲ್ಲಿನ ಜನಸಂಖ್ಯೆಯಲ್ಲಿ 65 ದಾಟಿದವರು ಶೇ. 29ರ ಆಸುಪಾಸಿನಲ್ಲಿದ್ದಾರೆ, ಅವರಲ್ಲಿ ನಾಲ್ವರಲ್ಲಿ ಒಬ್ಬರು ದುಡಿಯುತ್ತಿದ್ದಾರೆ. ಆದ್ದರಿಂದ ನಿಮ್ಮ ಎರಡನೇ ಪ್ರಶ್ನೆಗೆ ಜಪಾನಿನಿಂದಲೇ ಶುರುಮಾಡುತ್ತೇನೆ, ಅಲ್ಲಿನದೆಲ್ಲವೂ ಅನುಕರಣೀಯ ಎಂಬ ಅರ್ಥದಲ್ಲಿ ಅಲ್ಲ.

ಹಿರಿಯರ ಉದ್ಯೋಗಕ್ಕೆಂದೇ ಅಲ್ಲಿ 1971ರ ಒಂದು ಕಾಯ್ದೆ ಇದೆ. ಯುದ್ಧ ಮುಗಿದ ಮೇಲೆ, 1947ರಿಂದ 1949ರವರೆಗೆ, ಹುಟ್ಟಿದ ಭಾರಿ ತಲೆಮಾರು 2007ರಿಂದ 60 ಮುಟ್ಟತೊಡಗಿತು. ಅಷ್ಟೂ ಜನ ಒಟ್ಟಿಗೆ ಮನೆಗೆ ಹೋದರೆ ಕಾರ್ಖಾನೆಗಳ ಕಸುಬೇ ಹೋಗುತ್ತದೆಂಬ ಭಯಕ್ಕೆ ಅಲ್ಲಿಯವರು 2007ರ ಸಮಸ್ಯೆ ಎಂದೇ ಹೆಸರಿಟ್ಟಿದ್ದರು. 2006ರಿಂದ ಹಂತಹಂತವಾಗಿ 65ರವರೆಗೆ ಕೆಲಸ ಒದಗಿಸುವ ಹೊಣೆಯನ್ನು ಕಂಪನಿಗಳ ಮೇಲೆ ಹಾಕಿದರು. 2013ರ ತಿದ್ದುಪಡಿಯಿಂದ, ಬಯಸಿದವರೆಲ್ಲರಿಗೂ ಅದು ಸಿಗಬೇಕೆಂದಾಯಿತು. 2021ರ ಏಪ್ರಿಲ್‌ನಿಂದ 70ರವರೆಗೆ ಅವಕಾಶ ಕಲ್ಪಿಸಲು ಕಂಪನಿಗಳು ಪ್ರಯತ್ನಿಸಬೇಕು ಎಂಬ ಮಾತು ಸೇರಿತು.

ಕಾಗದದ ಮೇಲೆ ಇದು ಚೆನ್ನಾಗಿದೆ. ನಾನು ಕಣ್ಣಾರೆ ಕಂಡದ್ದು ಮಿಶ್ರವಾಗಿತ್ತು. ಬಹಳ ಕಂಪನಿಗಳು 60ಕ್ಕೆ ನಿವೃತ್ತಿ ಮಾಡಿಸಿ, ಮರುದಿನವೇ ವರ್ಷದ ಕರಾರಿನ ಮೇಲೆ ಅದೇ ವ್ಯಕ್ತಿಯನ್ನು ಅದೇ ಜಾಗಕ್ಕೆ ಬಹಳ ಕಡಿಮೆ ಸಂಬಳಕ್ಕೆ ತೆಗೆದುಕೊಳ್ಳುತ್ತವೆ. ನಮ್ಮ ವಿಭಾಗದಲ್ಲಿ ಹಾಗೆ ಮರಳಿದ ಒಬ್ಬ ಹಿರಿಯರು ನಿನ್ನೆಯವರೆಗೆ ತಮ್ಮ ಕೈಕೆಳಗಿದ್ದವನಿಗೆ ವರದಿ ಒಪ್ಪಿಸುತ್ತಾ, ಕೇಳಿದ್ದಕ್ಕಷ್ಟೇ ಉತ್ತರಿಸುತ್ತಾ, ಮೂಲೆಯ ಮೇಜಿನಲ್ಲಿ ಎರಡು ವರ್ಷ ಕುಳಿತರು. ಅವರ ಅನುಭವ ಕಟ್ಟಡದೊಳಗೇ ಇತ್ತು, ಯಾರಿಗೂ ಸಿಗಲಿಲ್ಲ. ಪಕ್ಕದ ವಿಭಾಗದಲ್ಲಿ ಅದೇ ವಯಸ್ಸಿನ ಇನ್ನೊಬ್ಬರಿಗೆ ನಾಲ್ಕು ಜನ ಕಿರಿಯರನ್ನು ಹೆಸರು ಹೇಳಿ ಒಪ್ಪಿಸಿದ್ದರು, ಉತ್ಪಾದನೆಯ ಗುರಿಯಿಂದ ಅವರನ್ನು ಬಿಡಿಸಿದ್ದರು. ಅಲ್ಲಿ ಕಲಿಕೆ ನಡೆಯಿತು. ಆದ್ದರಿಂದ ನಿಮ್ಮ ಫೋರ್‌ಮನ್‌ಗೆ ಸಲಹೆಗಾರ ಎಂಬ ಹೆಸರು ಕೊಟ್ಟು ಸಂಬಳ ಅರ್ಧ ಮಾಡುವ ಯೋಚನೆ ಇದ್ದರೆ ಅದನ್ನು ದಯವಿಟ್ಟು ಬಿಡಿ. ಬೇಕಾದರೆ ದಿನಗಳನ್ನು ಕಡಿಮೆ ಮಾಡಿ. ದಿನದ ದರವನ್ನು ಮುಟ್ಟಬೇಡಿ.

ಜಪಾನಿನ ಸಿಲ್ವರ್ ಜಿನ್‌ಝೈ ಕೇಂದ್ರಗಳ ಬಗ್ಗೆ ಅನೇಕರು ಓದಿರುತ್ತೀರಿ. 1975ರಲ್ಲಿ ಟೋಕಿಯೋದಲ್ಲಿ ಆರಂಭವಾಗಿ 1986ರಲ್ಲಿ ಕಾನೂನಿನ ಮಾನ್ಯತೆ ಪಡೆದ ಈ ಕೇಂದ್ರಗಳು ನಿವೃತ್ತರಿಗೆ ಗಿಡ ಕತ್ತರಿಸುವ, ಕಾಗದದ ಬಾಗಿಲು ಸರಿಪಡಿಸುವ, ಸೈಕಲ್ ನಿಲ್ದಾಣ ನೋಡಿಕೊಳ್ಳುವ ಬಿಡಿ ಕೆಲಸ ಕೊಡಿಸುತ್ತವೆ. ಹಿರಿಯರು ಮನೆಯಿಂದ ಹೊರಗೆ ಬರುತ್ತಾರೆ, ಕೈಖರ್ಚಿಗೆ ಹಣ ಸಿಗುತ್ತದೆ, ಅದು ಒಳ್ಳೆಯದೇ. ಆದರೆ ನಲವತ್ತು ವರ್ಷ ಲೇತ್ ಹಿಡಿದವರು ಸೈಕಲ್ ಕಾಯುವುದನ್ನು ಅನುಭವದ ಬಳಕೆ ಎನ್ನಲಾಗದು.

ನಿಮ್ಮ ಫೋರ್‌ಮನ್ ಅವರ ಮಂಡಿ ಮತ್ತು ಕಣ್ಣಿನ ವಿಷಯಕ್ಕೆ ಜರ್ಮನಿಯ ಬಿಎಂಡಬ್ಲ್ಯೂ ಕಂಪನಿಯ ಉದಾಹರಣೆ ಹತ್ತಿರದ್ದು. 2007ರಲ್ಲಿ ಡಿಂಗೋಲ್‌ಫಿಂಗ್ ಕಾರ್ಖಾನೆಯ ಒಂದು ಸಾಲಿನಲ್ಲಿ, ಹತ್ತು ವರ್ಷದ ನಂತರ ತಮ್ಮ ಕಾರ್ಮಿಕರ ಸರಾಸರಿ ವಯಸ್ಸು ಎಷ್ಟಾಗಲಿದೆಯೋ ಅಷ್ಟು, ಅಂದರೆ 47, ಬರುವಂತೆ ಜನರನ್ನು ಆರಿಸಿ ನಿಲ್ಲಿಸಿದರು. ಕೆಲಸಗಾರರನ್ನೇ ಕೇಳಿ ಸುಮಾರು 70 ಬದಲಾವಣೆ ಮಾಡಿದರು: ಕಾಂಕ್ರೀಟಿನ ಬದಲು ಮರದ ನೆಲ, ಎತ್ತರ ಬದಲಿಸಬಹುದಾದ ಕುರ್ಚಿ, ಸಣ್ಣ ಭಾಗ ನೋಡಲು ಭೂತಕನ್ನಡಿ, ಒಂದೇ ಭಂಗಿಯಲ್ಲಿ ನಿಲ್ಲದಂತೆ ಕೆಲಸದ ಬದಲಾವಣೆ. ಒಟ್ಟು ಖರ್ಚು ಸುಮಾರು 40,000 ಯೂರೋ. ಒಂದು ವರ್ಷದಲ್ಲಿ ಆ ಸಾಲಿನ ಉತ್ಪಾದಕತೆ ಶೇ. 7ರಷ್ಟು ಏರಿತು. ಸ್ಟೂಲು, ದೀಪವಿರುವ ಮಸೂರ, ಪಾದದಡಿಗೆ ರಬ್ಬರ್ ಮ್ಯಾಟ್ ಇವುಗಳಿಗೆ ಪೀಣ್ಯದಲ್ಲಿ ಎಷ್ಟಾಗುತ್ತದೆಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಸಿಂಗಪುರದ ದಾರಿ ಇನ್ನೂ ನೇರವಾದದ್ದು. ಅಲ್ಲಿ 2022ರ ಜುಲೈನಲ್ಲಿ ನಿವೃತ್ತಿಯ ವಯಸ್ಸನ್ನು 63ಕ್ಕೆ ಏರಿಸಿ, ಅದಾದ ಮೇಲೆ ಅರ್ಹರಿಗೆ 68ರವರೆಗೆ ಮರುನೇಮಕದ ಅವಕಾಶ ಕೊಡಬೇಕೆಂದು ಕಾನೂನು ಮಾಡಿದರು.

ಉತ್ತರ 3: ಬಸವನಗುಡಿ ಓದುಗ

ದೂರದ ದೇಶಗಳ ಜೊತೆಗೆ ನಮ್ಮಲ್ಲೇ ನಡೆದದ್ದನ್ನೂ ಸೇರಿಸಬೇಕೆನಿಸಿತು. 1861ರಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರು 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಆಡಳಿತ ಮಂಡಳಿಯ ಅಧ್ಯಕ್ಷರಾದಾಗ ದಿವಾನಗಿರಿ ಬಿಟ್ಟು ಐದು ವರ್ಷವಾಗಿತ್ತು, ವಯಸ್ಸು 60 ದಾಟಿತ್ತು. 1929ರವರೆಗೆ ಅದನ್ನು ನಡೆಸಿದರು. ಈ ಚರ್ಚೆಗೆ ಹೆಚ್ಚು ಸಂಬಂಧಪಟ್ಟದ್ದು ಆಮೇಲಿನ ಸಂಗತಿ: ಆ ಕೆಲಸಕ್ಕಾಗಿ ತಮಗೆ ಸಲ್ಲಬೇಕಾಗಿದ್ದ ಹಣವನ್ನು ಹುಡುಗರಿಗೆ ಕಸುಬು ಕಲಿಸುವ ಸಂಸ್ಥೆಗೆ ವಿನಿಯೋಗಿಸಬೇಕೆಂದು ಅವರು ಕೇಳಿಕೊಂಡರು. ಬೆಂಗಳೂರಿನ ಜಯಚಾಮರಾಜೇಂದ್ರ ಕಸುಬು ಶಿಕ್ಷಣ ಸಂಸ್ಥೆ ಹಾಗೆ ಬಂದದ್ದು. ಕೆ.ಆರ್. ವೃತ್ತದ ಬಳಿ ಅದರ ಮುಂದೆ ಓಡಾಡುವಾಗಲೆಲ್ಲ, ಒಬ್ಬ ಹಿರಿಯರ ಸಂಭಾವನೆ ಹೀಗೂ ಬಳಕೆಯಾಗಬಹುದಲ್ಲ ಎಂದು ನನಗೆ ಅನ್ನಿಸುತ್ತದೆ.

ಉತ್ತರ 4: ನಿವೃತ್ತ ಶುಶ್ರೂಷಕಿ, ವಿಜಯನಗರ

ವಿಶ್ವೇಶ್ವರಯ್ಯನವರ ಬಗ್ಗೆ ನನಗೂ ಅಪಾರ ಗೌರವವಿದೆ. ಆದರೆ ಅಂಥವರನ್ನು ಮುಂದಿಟ್ಟುಕೊಂಡು ಸಾಮಾನ್ಯರ ಇಳಿವಯಸ್ಸಿನ ದುಡಿಮೆಯನ್ನು ಅಳೆಯುವುದು ಬೇಡ ಎಂದು ವಿನಯದಿಂದ ಹೇಳುತ್ತೇನೆ. ಅವರು ದುಡಿದದ್ದು ಇಷ್ಟದಿಂದ. ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಇನ್ನೂ ದುಡಿಯುತ್ತಿದ್ದಾರೆಂದು 2017-18ರಲ್ಲಿ ನಡೆದ ವಯೋವೃದ್ಧರ ರಾಷ್ಟ್ರೀಯ ಸಮೀಕ್ಷೆ ತೋರಿಸಿದೆ, ಅವರಲ್ಲಿ ಬಹುಪಾಲು ಜನ ಹೊಲಗದ್ದೆಯಲ್ಲಿ, ಕೂಲಿಯಲ್ಲಿ, ಪಿಂಚಣಿಯಿಲ್ಲದ ಕೆಲಸದಲ್ಲಿ ಇರುವವರು. ನೌಕರರ ಪಿಂಚಣಿ ಯೋಜನೆಯ ಕನಿಷ್ಠ ಮೊತ್ತ 2014ರಲ್ಲಿ ತಿಂಗಳಿಗೆ 1,000 ರೂಪಾಯಿ ಎಂದು ಗೊತ್ತುಮಾಡಿದ್ದು. ಆ ಹಣದಲ್ಲಿ ವಿಜಯನಗರದಲ್ಲಿ ಒಬ್ಬರಿಗೆ ತಿಂಗಳ ಹಾಲು, ಔಷಧಿ ಕೂಡ ಆಗುವುದಿಲ್ಲ. ಅನುಭವಕ್ಕೆ ಬೆಲೆ ಎಂಬ ಮಾತು ನಾಳೆ, ವಯಸ್ಸಾದವರಿಗೆ ಪಿಂಚಣಿ ಏಕೆ, ದುಡಿಯಲಿ ಬಿಡಿ ಎಂಬ ಮಾತಾಗಿ ತಿರುಗಬಾರದು. ಬಿಡಬೇಕೆನಿಸಿದಾಗ ಬಿಡಲು ಆಗುವವರ ದುಡಿಮೆಗೆ ಮಾತ್ರ ನ್ಯಾಯವಾದ ಬೆಲೆ ಕೇಳಲು ಆಗುತ್ತದೆ.

ಅನುಭವದ ವಿಷಯದಲ್ಲಿ ನನ್ನದೇ ಒಂದು ಮಾತು. ವಾರ್ಡಿನಲ್ಲಿ ಮೂವತ್ತನಾಲ್ಕು ವರ್ಷ ಕಳೆದ ಮೇಲೆ, ಒಬ್ಬ ರೋಗಿಯ ನಾಡಿ, ರಕ್ತದೊತ್ತಡ ಎಲ್ಲವೂ ಚಾರ್ಟಿನಲ್ಲಿ ಸರಿಯಾಗಿರುವಾಗಲೇ, ಆತ ಹೊದಿಕೆ ಎಳೆದುಕೊಳ್ಳುವ ರೀತಿ, ಮಾತಿಗೆ ಉತ್ತರಿಸಲು ತೆಗೆದುಕೊಳ್ಳುವ ಹೊತ್ತು ನೋಡಿ, ಇವರನ್ನು ಇವತ್ತು ರಾತ್ರಿ ಬಿಡಬಾರದು ಎಂದು ತಿಳಿಯುತ್ತಿತ್ತು. ಹೊಸ ವೈದ್ಯರಲ್ಲಿ ಕೆಲವರು ಅದನ್ನು ಕೇಳಿಸಿಕೊಳ್ಳುತ್ತಿದ್ದರು. ನಾನು 60ಕ್ಕೆ ನಿವೃತ್ತಳಾದ ದಿನ ಹಾರ, ಫಲತಾಂಬೂಲ, ಒಳ್ಳೆಯ ಮಾತು ಎಲ್ಲ ಕೊಟ್ಟರು. ವಾರದಲ್ಲಿ ಒಂದು ದಿನ ಬಂದು ಹೊಸ ಹುಡುಗಿಯರಿಗೆ ಹೇಳಿಕೊಡುತ್ತೀರಾ ಎಂದು ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ ಬಸ್ ಚಾರ್ಜು ಕೊಟ್ಟರೂ ಹೋಗುತ್ತಿದ್ದೆ. ಹಾಗೆ ಬಸ್ ಚಾರ್ಜಿಗೆ ಹೋಗುವುದು ಸರಿಯಲ್ಲ ಎಂಬುದು ಈಗ ಈ ಚರ್ಚೆ ಓದಿದ ಮೇಲೆ ಹೊಳೆಯುತ್ತಿದೆ.

ಈಗ ನಾನು ಕೆಲಸ ಬಿಟ್ಟಿದ್ದೇನೆಯೇ? ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ಮೊಮ್ಮಗಳನ್ನು ನೋಡಿಕೊಳ್ಳುತ್ತೇನೆ, ಆದ್ದರಿಂದ ಸೊಸೆ ಹೊರವರ್ತುಲ ರಸ್ತೆಯ ಕಚೇರಿಗೆ ಹೋಗಿ ಬರಲು ಆಗುತ್ತಿದೆ. ಅವಳ ಸಂಬಳ ದೇಶದ ಆದಾಯದಲ್ಲಿ ಸೇರುತ್ತದೆ, ನನ್ನ ದಿನ ಎಲ್ಲಿಯೂ ಸೇರುವುದಿಲ್ಲ. ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷವನ್ನೂ ಗಂಡಸರು 97 ನಿಮಿಷವನ್ನೂ ಸಂಬಳವಿಲ್ಲದ ಆ ಕೆಲಸಕ್ಕೆ ಕೊಡುತ್ತಾರೆಂದು ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆ ಹೇಳಿದೆ. ಅಧ್ಯಾಪಕರು ಆಗದೆ ಹೋದ ನಷ್ಟವನ್ನು ಬರೆದಿಡಿ ಎಂದಿದ್ದಾರೆ. ಬೆಂಗಳೂರಿನ ಎಷ್ಟು ಮನೆಗಳಲ್ಲಿ ಅಜ್ಜಿಯೊಬ್ಬರು ಇರುವುದರಿಂದಲೇ ಒಂದು ಸಂಬಳ ಉಳಿದಿದೆ ಎಂಬುದನ್ನೂ ಅದೇ ಪುಸ್ತಕದಲ್ಲಿ ಬರೆಯಬೇಕು.

ಉತ್ತರ 5: ಫಿಟ್ಟರ್, ದಾಸರಹಳ್ಳಿ

ಸರ್, ನಾನು ನೀವು ಹೇಳಿದ ಆ ಇಬ್ಬರು ಹುಡುಗರಂಥವನು. ವಯಸ್ಸು 27, ಐಟಿಐ ಮುಗಿಸಿ ಎಂಟು ವರ್ಷ ಆಯಿತು, ಮೂರು ಕಡೆ ಕೆಲಸ ಮಾಡಿದ್ದೇನೆ. ಹಿರಿಯರ ಮೇಲೆ ಅಗೌರವದಿಂದ ಹೇಳುತ್ತಿಲ್ಲ, ಆದರೆ ಈ ಚರ್ಚೆಯಲ್ಲಿ ಯಾರೂ ಹೇಳದ ಒಂದು ಸಂಗತಿ ಇದೆ.

ಮೊದಲು ಸೇರಿದ ಕಡೆ ನಮ್ಮ ಮೇಸ್ತ್ರಿಗೆ ನಿಮ್ಮ ಫೋರ್‌ಮನ್‌ರಷ್ಟೇ ಗೊತ್ತಿತ್ತು. ಟೂಲ್ ಹೊಂದಿಸುವ ಕೊನೆಯ ಹಂತ ಬಂದಾಗ ನನ್ನನ್ನು ಸ್ಟೋರಿಗೆ ಕಳಿಸುತ್ತಿದ್ದರು. ಮೂರು ವರ್ಷ ನಾನು ಆ ಕೊನೆಯ ಹಂತವನ್ನು ನೋಡಲಿಲ್ಲ. ಆಗ ಅವರ ಮೇಲೆ ಸಿಟ್ಟು ಬರುತ್ತಿತ್ತು. ಈಗ ಯೋಚಿಸಿದರೆ ಅವರ ಕಷ್ಟವೂ ಅರ್ಥವಾಗುತ್ತದೆ. ಅವರಿಗೆ ಪಿಂಚಣಿ ಇರಲಿಲ್ಲ, ಅವರ ಹತ್ತಿರ ಇದ್ದ ಒಂದೇ ಆಸ್ತಿ ಅದು, ಅದನ್ನು ನನಗೆ ಕಲಿಸಿದ ಮರುದಿನ ಮಾಲೀಕರು ಅರ್ಧ ಸಂಬಳಕ್ಕೆ ನನ್ನನ್ನೇ ಆ ಜಾಗಕ್ಕೆ ಹಾಕುತ್ತಿದ್ದರು. ಕಲಿಸಿದರೆ ಕಳೆದುಕೊಳ್ಳುವ ಹಾಗಿದ್ದರೆ ಯಾರು ತಾನೇ ಕಲಿಸುತ್ತಾರೆ?

ಇನ್ನೊಂದು ಕಡೆ ನಾನು ಒಂದು ಪಂಚ್ ಹಾಳುಮಾಡಿದಾಗ ಅದರ ಬೆಲೆಯನ್ನು ಎರಡು ತಿಂಗಳ ಸಂಬಳದಲ್ಲಿ ಹಿಡಿದರು. ಆಮೇಲೆ ನಾನು ಕಷ್ಟದ ಕೆಲಸಕ್ಕೆ ಕೈಹಾಕುವುದನ್ನೇ ಬಿಟ್ಟೆ. ಈಗಿರುವ ಕಡೆ ಒಬ್ಬ ಹಿರಿಯರಿದ್ದಾರೆ, ವಯಸ್ಸು 67. ಬಂದ ಮೊದಲ ವಾರ ಅವರು ಒಂದು ಹಳೆಯ ಡೈ ಕೊಟ್ಟು, ಇದನ್ನು ನಿನಗೆ ತೋಚಿದ ಹಾಗೆ ಹೊಂದಿಸು, ಕೆಟ್ಟರೆ ಕೆಡಲಿ, ಕೆಟ್ಟ ಮೇಲೆ ಏಕೆ ಕೆಟ್ಟಿತೆಂದು ನನಗೆ ಬಂದು ಹೇಳು ಎಂದರು. ಕೆಟ್ಟಿತು. ಅಂಚು ಒಡೆದ ಜಾಗವನ್ನು ನೋಡಿ ಕಾರಣ ಹೇಳಲು ನನಗೆ ಒಂದು ದಿನ ಬೇಕಾಯಿತು, ಅವರು ಸುಮ್ಮನೆ ಕಾದರು. ಅದಕ್ಕೆ ಮೊದಲಿನ ವರ್ಷಗಳಲ್ಲೆಲ್ಲ ಕಲಿಯದ್ದನ್ನು ಅವರ ಬಳಿ ಒಂದೂವರೆ ವರ್ಷದಲ್ಲಿ ಕಲಿತಿದ್ದೇನೆ.

ಅದಕ್ಕೇ ಕೇಳುತ್ತಿದ್ದೇನೆ, ಫೋರ್‌ಮನ್ ಮತ್ತು ಇಬ್ಬರು ಹುಡುಗರು, ಇವೆರಡರಲ್ಲಿ ಒಂದನ್ನು ಆರಿಸಬೇಕು ಎಂದು ನಿಮ್ಮ ಮಗ ಏಕೆ ಅಂದುಕೊಂಡಿದ್ದಾರೆ? ಹುಡುಗರು ಒಬ್ಬರೇ ಬಂದರೆ ನನ್ನ ಮೊದಲ ಮೂರು ವರ್ಷದ ಹಾಗೆ ಆಗುತ್ತದೆ. ಅವರ ಪಕ್ಕದಲ್ಲಿ ಬಂದರೆ ಬೇರೆ.

ಉತ್ತರ 6: ಲೆಕ್ಕಪತ್ರ ವಿಭಾಗ, ರಾಜಾಜಿನಗರ

ವ್ಯಾವಹಾರಿಕವಾಗಿ ಎರಡೇ ಮಾತು. 58 ತುಂಬಿದ ಮೇಲೆ ಮಾಲೀಕರ ವಂತಿಗೆಯಲ್ಲಿ ಪಿಂಚಣಿ ಯೋಜನೆಗೆ ಹೋಗುತ್ತಿದ್ದ ಪಾಲೂ ಭವಿಷ್ಯನಿಧಿಗೇ ಸೇರಬೇಕು, ನಿಮ್ಮಲ್ಲಿ ಹಾಗೆಯೇ ಆಗುತ್ತಿದೆಯೇ ಎಂದು ಒಮ್ಮೆ ನೋಡಿಕೊಳ್ಳಿ. ಆರೋಗ್ಯ ವಿಮೆಯನ್ನು ದಯವಿಟ್ಟು ಮಾಡಿಸಿ. 2024ರ ಏಪ್ರಿಲ್‌ನಿಂದ ಹೊಸ ಪಾಲಿಸಿ ಕೊಳ್ಳಲು 65 ವರ್ಷದ ಮಿತಿ ಇಲ್ಲ, 70 ತುಂಬಿದವರಿಗೆ ಆಯುಷ್ಮಾನ್ ಭಾರತ್ ಅಡಿಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ಸೌಲಭ್ಯ ಅದೇ ವರ್ಷದ ಅಕ್ಟೋಬರ್‌ನಲ್ಲಿ ಆರಂಭವಾಯಿತು. 64ರಿಂದ 70ರವರೆಗಿನ ಆರು ವರ್ಷಕ್ಕೆ ನೀವೇ ವ್ಯವಸ್ಥೆ ಮಾಡಬೇಕು. ಕರಾರನ್ನು ಬರವಣಿಗೆಯಲ್ಲಿ ಮಾಡಿ, ಕಲಿಸುವುದೂ ಅವರ ಕೆಲಸ ಎಂದು ಅದರಲ್ಲಿ ಬರೆಯಿರಿ.

ಪ್ರಶ್ನೆ ಕೇಳಿದವರು: ಪೀಣ್ಯ ಎರಡನೇ ಹಂತ

ಎಲ್ಲರಿಗೂ ಕೃತಜ್ಞತೆಗಳು. ಉತ್ತರಿಸಲು ಮೂರು ವಾರ ತೆಗೆದುಕೊಂಡದ್ದಕ್ಕೆ ಕಾರಣ, ಅಧ್ಯಾಪಕರು ಹೇಳಿದಂತೆ ರಿಜಿಸ್ಟರ್ ತೆಗೆದು ಕುಳಿತೆವು. ಲೆಕ್ಕ ಮಾಡಿದ್ದು ಮಗ. ಕಳೆದ 11 ತಿಂಗಳಲ್ಲಿ ಫೋರ್‌ಮನ್ ಮಾತಿನಿಂದ ತೀರ್ಮಾನ ಬದಲಾದ 9 ಸಂದರ್ಭ ಸಿಕ್ಕವು. ಅವುಗಳಲ್ಲಿ 3ನ್ನು ಹುಡುಗರೇ ಒಂದೆರಡು ದಿನದಲ್ಲಿ ಕಂಡುಹಿಡಿಯುತ್ತಿದ್ದರೆಂದು ಅವನು ತೆಗೆದುಹಾಕಿದ, ಅದು ನ್ಯಾಯವೇ. 2ಕ್ಕೆ ಬೆಲೆ ಕಟ್ಟಲು ಇಬ್ಬರಿಗೂ ಆಗಲಿಲ್ಲ. ಗಿರಾಕಿ ಹೋಗಿದ್ದರೆ ಎಷ್ಟು ಎಂದು ಊಹಿಸುವುದು ಬೇಡವೆಂದು ಅದನ್ನೂ ಬಿಟ್ಟೆವು. ಉಳಿದ 4ರಲ್ಲಿ ಉಕ್ಕು, ಯಂತ್ರದ ಹೊತ್ತು, ಹೊರಗಿನ ಹೀಟ್ ಟ್ರೀಟ್‌ಮೆಂಟ್ ಮಾತ್ರ ಹಿಡಿದಾಗ ಅವರ ವರ್ಷದ ಸಂಬಳದ ಮುಕ್ಕಾಲು ಪಾಲು ಬಂತು.

ಮಗ ಬಹಳ ಹೊತ್ತು ಆ ಹಾಳೆಯನ್ನು ನೋಡುತ್ತಾ ಕುಳಿತಿದ್ದ. ಆಮೇಲೆ, ಇದರಲ್ಲಿ ಅವರು ದಿನನಿತ್ಯ ಮಾಡುವ ಕೆಲಸ ಸೇರಿಯೇ ಇಲ್ಲವಲ್ಲಪ್ಪ ಎಂದ. ನಾನು ಏನೂ ಹೇಳಲಿಲ್ಲ. ದಾಸರಹಳ್ಳಿಯವರ ಉತ್ತರವನ್ನು ಅವನಿಗೆ ಓದಲು ಕೊಟ್ಟೆ.

ಕಳೆದ ಶನಿವಾರ ಫೋರ್‌ಮನ್ ಜೊತೆ ಮೂವರೂ ಕುಳಿತು ಮಾತಾಡಿದೆವು. ವಾರಕ್ಕೆ 4 ದಿನ, ಬೆಳಿಗ್ಗೆ 10ರಿಂದ ಸಂಜೆ 4. ದಿನದ ದರ ಈಗಿನದೇ. ಅವರೊಂದಿಗೆ ಇಬ್ಬರು ಹುಡುಗರು, ಅವರಲ್ಲಿ ಒಬ್ಬನನ್ನು ಹೊಸದಾಗಿ ತೆಗೆದುಕೊಳ್ಳುತ್ತೇವೆ. ವಿಮೆಯ ಕಂತು ನಮ್ಮದು. ಎರಡು ವರ್ಷದ ಕರಾರು. ಹುಡುಗರು ಬೇಗ ಕಲಿತರೂ ಅದು ಮೊಟಕಾಗುವುದಿಲ್ಲ ಎಂದು ಬರೆದುಕೊಟ್ಟಿದ್ದೇವೆ. ದೀಪದ ಮಸೂರವನ್ನೂ ಎತ್ತರ ಬದಲಿಸುವ ಸ್ಟೂಲನ್ನೂ ಮಗ ಎಸ್.ಪಿ. ರಸ್ತೆಗೆ ಹೋಗಿ ವಿಚಾರಿಸಿಕೊಂಡು ಬಂದಿದ್ದಾನೆ.

ಯಾವ ಹೆಸರಿನ ಹುದ್ದೆ ಬೇಕೆಂದು ಕೇಳಿದಾಗ ಫಿಟ್ಟರ್ ಎಂದೇ ಇರಲಿ ಎಂದರು. ಅವರು ಹಾಕಿದ ಷರತ್ತು ಒಂದೇ: ತಮ್ಮ ಬಳಿ ಕಲಿಯುವ ಹುಡುಗರು ಏನು ಕೆಡಿಸಿದರೂ ಅವರ ಸಂಬಳದಲ್ಲಿ ಹಿಡಿಯಬಾರದು. ನಾನು ಒಪ್ಪಿದ ಮೇಲೆ ಎದ್ದುಹೋಗಿ ತಮ್ಮ ಕಪಾಟಿನಿಂದ ಒಂದು ಬಿಸ್ಕತ್ತಿನ ತಗಡಿನ ಡಬ್ಬಿ ತಂದರು. ಅದರ ತುಂಬ ಅಂಚು ಮುರಿದ, ಸೀಳಿದ ಪಂಚ್‌ಗಳು. ಅವರು ಕೆಲಸ ಕಲಿಯುವಾಗ ಕೆಡಿಸಿದವು, ಆಮೇಲೆ ಬೇರೆಯವರು ಕೆಡಿಸಿದವು, ಪ್ರತಿಯೊಂದಕ್ಕೂ ಒಂದು ಚೀಟಿ ಕಟ್ಟಿತ್ತು. ಹದಿನಾಲ್ಕು ವರ್ಷದಿಂದ ಆ ಡಬ್ಬಿ ನನ್ನದೇ ಶೆಡ್ಡಿನಲ್ಲಿತ್ತು, ನಾನು ನೋಡಿರಲಿಲ್ಲ.

ಸೋಮವಾರದಿಂದ ಎರಡು ಹಂತದ ಒಂದು ಸಣ್ಣ ಟೂಲ್ ಶುರುವಾಗುತ್ತದೆ. ಕ್ಲಿಯರೆನ್ಸ್ ಎಷ್ಟು ಬಿಡಬೇಕೆಂದು ಹುಡುಗರೇ ತೀರ್ಮಾನಿಸಬೇಕು, ಟ್ರಯಲ್ ಆಗುವವರೆಗೆ ತಾವು ಕೈಹಾಕುವುದಿಲ್ಲ ಎಂದಿದ್ದಾರೆ. ಏನಾಯಿತೆಂದು ಇಲ್ಲೇ ಬಂದು ಬರೆಯುತ್ತೇನೆ.